ನಾಯಕನ ಬದಿಯಲ್ಲಿ ನಿಂತವರು: ಥಾಮಸ್ ಮಿಚೆಲ್

ಒಂದು ಚಲನಚಿತ್ರ ನೋಡಿ ಮನೆಗೆ ಬಂದ ಮೇಲೆ ನಿಮಗೆ ಯಾರ ಹೆಸರು ನೆನಪಿನಲ್ಲಿ ಉಳಿಯುತ್ತದೆ? ನಾಯಕನದು, ನಾಯಕಿಯದು, ಬಹಳವಾದರೆ ಖಳನಾಯಕನದು. ನಾಯಕಿಯ ತಂದೆಯಾಗಿ ಬಂದವರು, ಊರಿನ ವೈದ್ಯರಾಗಿ ಬಂದವರು, ಅಂಗಡಿಯ ಲೆಕ್ಕ ಬರೆಯುವ ಚಿಕ್ಕಪ್ಪನಾಗಿ ಬಂದವರು ಯಾರು ಎಂದು ಕೇಳಿದರೆ ಮುಖ ಕಣ್ಣಮುಂದೆ ಬರುತ್ತದೆ, ಹೆಸರು ಮಾತ್ರ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಆದರೆ ಆ ತಂದೆ, ಆ ವೈದ್ಯ, ಆ ಚಿಕ್ಕಪ್ಪ ಇಲ್ಲದೆ ಹೋಗಿದ್ದರೆ ಕಥೆಯೇ ನಿಲ್ಲುತ್ತಿರಲಿಲ್ಲ. ಚಿತ್ರರಂಗದಲ್ಲಿ ಇವರನ್ನು ಪೋಷಕ ನಟರು ಎನ್ನುತ್ತಾರೆ. ಪೋಷಿಸುವವರು, ಅಂದರೆ ಇನ್ನೊಬ್ಬರನ್ನು ಬೆಳೆಸುವವರು. ಎಷ್ಟು ಅರ್ಥವತ್ತಾದ ಹೆಸರು!

ಅಂತಹವರಲ್ಲಿ ಒಬ್ಬರ ಜೀವನವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಅವರು ಅಮೆರಿಕದ ಥಾಮಸ್ ಮಿಚೆಲ್. ಅವರು ತೀರಿಕೊಂಡು ಅರುವತ್ತು ವರ್ಷಗಳಿಗೂ ಮೇಲಾಯಿತು. ಆದರೂ ಪ್ರತಿ ವರ್ಷ ಕ್ರಿಸ್ಮಸ್ ಬಂದಾಗ ಲೋಕದ ಎಷ್ಟೋ ಮನೆಗಳಲ್ಲಿ ಅವರ ಮುಖ ತೆರೆಯ ಮೇಲೆ ಮೂಡುತ್ತದೆ.

ಪತ್ರಿಕೆಯಿಂದ ರಂಗಭೂಮಿಗೆ

ಮಿಚೆಲ್ ಹುಟ್ಟಿದ್ದು 1892ರ ಜುಲೈ 11ರಂದು, ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ಎಂಬ ಪಟ್ಟಣದಲ್ಲಿ. ತಂದೆತಾಯಿ ಐರ್ಲೆಂಡಿನಿಂದ ವಲಸೆ ಬಂದವರು. ಮಕ್ಕಳು ತುಂಬಿದ್ದ ಆ ಮನೆಯಲ್ಲಿ ಇವರೇ ಕಿರಿಯರು. ಓದಿದ್ದು ಅದೇ ಪಟ್ಟಣದ ಸಂತ ಪ್ಯಾಟ್ರಿಕ್ ಶಾಲೆಯಲ್ಲಿ. ತಂದೆಯೂ ಅಣ್ಣನೂ ಪತ್ರಿಕಾ ವರದಿಗಾರರಾಗಿದ್ದರಿಂದ ಶಾಲೆ ಮುಗಿದೊಡನೆ ಇವರೂ ಅದೇ ಕೆಲಸಕ್ಕೆ ಸೇರಿದರು. ಆದರೆ ಸುದ್ದಿಯ ಬೆನ್ನು ಹತ್ತುವುದಕ್ಕಿಂತ ಪುಟ್ಟ ಪುಟ್ಟ ನಗೆನಾಟಕ ಬರೆಯುವುದರಲ್ಲಿ ಅವರ ಮನಸ್ಸು ಓಡುತ್ತಿತ್ತು. 1913ರ ಹೊತ್ತಿಗೆ ಅವರು ನಟರಾಗಿಬಿಟ್ಟಿದ್ದರು. ಚಾರ್ಲ್ಸ್ ಕೋಬರ್ನ್ ನಡೆಸುತ್ತಿದ್ದ ನಾಟಕ ತಂಡದೊಡನೆ ಊರೂರು ತಿರುಗಿ ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಾತ್ರ ಮಾಡಿದರು.

ಆಮೇಲಿನ ಇಪ್ಪತ್ತು ವರ್ಷಗಳು ನ್ಯೂಯಾರ್ಕಿನ ರಂಗಭೂಮಿಯಲ್ಲಿ ಕಳೆದವು. ನಟಿಸಿದರು, ನಿರ್ದೇಶಿಸಿದರು, ನಾಟಕಗಳನ್ನೂ ಬರೆದರು. ಫ್ಲಾಯ್ಡ್ ಡೆಲ್ ಎಂಬ ಲೇಖಕರೊಡನೆ ಸೇರಿ ಬರೆದ 'ಲಿಟ್ಲ್ ಆಕ್ಸಿಡೆಂಟ್' ಎಂಬ ನಾಟಕವನ್ನು ಹಾಲಿವುಡ್ ಮೂರು ಸಲ ಚಲನಚಿತ್ರ ಮಾಡಿತು. ಇಷ್ಟಾದರೂ ಅವರು ಹಾಲಿವುಡ್‌ನಲ್ಲಿ ನೆಲೆಯೂರಿದ್ದು 1936ರಲ್ಲಿ. ಆಗ ಅವರ ವಯಸ್ಸು ನಲವತ್ತನಾಲ್ಕು. ದುಂಡು ಮುಖ, ಗಿಡ್ಡ ಮೈಕಟ್ಟು, ಕೆದರಿದ ಕೂದಲು. ನಾಯಕನಾಗುವ ರೂಪವೂ ಅಲ್ಲ, ಪ್ರಾಯವೂ ಅಲ್ಲ. ನಮ್ಮಲ್ಲಿ ಎಷ್ಟೋ ಜನ ಆ ವಯಸ್ಸಿಗೆ, ಆಗಬೇಕಾದ್ದೆಲ್ಲ ಆಗಿಹೋಯಿತು ಎಂದು ಕೈಚೆಲ್ಲಿ ಕೂರುತ್ತೇವೆ. ಮಿಚೆಲ್‌ರ ಬಾಳಿನ ದೊಡ್ಡ ಕೆಲಸ ಶುರುವಾದದ್ದೇ ಅಲ್ಲಿಂದ.

ಮರುವರ್ಷವೇ, 1937ರಲ್ಲಿ, ಫ್ರಾಂಕ್ ಕಾಪ್ರಾ ನಿರ್ದೇಶಿಸಿದ 'ಲಾಸ್ಟ್ ಹೊರೈಜನ್' ಬಂತು. ಅದರಲ್ಲಿ ಮಿಚೆಲ್‌ರದು ಬಾರ್ನಾರ್ಡ್ ಎಂಬ ಮೋಸಗಾರನ ಪಾತ್ರ. ಜನರ ಹಣ ಮುಳುಗಿಸಿ ಪೊಲೀಸರಿಂದ ತಲೆಮರೆಸಿಕೊಂಡವನು ಅವನು. ಹಿಮಾಲಯದ ನಡುವಿನ ಒಂದು ಶಾಂತ ಕಣಿವೆಗೆ ಬಂದು ಬಿದ್ದ ಮೇಲೆ, ಅಲ್ಲಿನ ಜನರ ಮನೆಗಳಿಗೆ ಕೊಳಾಯಿಯಲ್ಲಿ ನೀರು ತರುವ ಕೆಲಸಕ್ಕೆ ತೊಡಗುತ್ತಾನೆ. ಕದ್ದ ಕೈಗಳೇ ನೀರು ಕೊಡುವ ಕೈಗಳಾಗುತ್ತವೆ. ಅದೇ ವರ್ಷ ಜಾನ್ ಫೋರ್ಡ್‌ರ 'ದ ಹರಿಕೇನ್' ಚಿತ್ರದಲ್ಲಿ, ದ್ವೀಪವೊಂದರ ಕುಡುಕ ಆದರೆ ನ್ಯಾಯನಿಷ್ಠ ವೈದ್ಯ ಕೆರ್ಸೇಂಟ್‌ನ ಪಾತ್ರ ಮಾಡಿ, ಮೊದಲ ಸಲ ಆಸ್ಕರ್ ಪ್ರಶಸ್ತಿಯ ಪಟ್ಟಿಯಲ್ಲಿ ಹೆಸರು ಪಡೆದರು.

ಒಂದೇ ವರ್ಷ, ಐದು ಮುಖ

ಈಗ 1939ಕ್ಕೆ ಬನ್ನಿ. ಹಾಲಿವುಡ್‌ನ ಚರಿತ್ರೆ ಬರೆಯುವವರೆಲ್ಲ ಆ ವರ್ಷವನ್ನು ಬಂಗಾರದ ವರ್ಷ ಎನ್ನುತ್ತಾರೆ. ಆ ಒಂದೇ ವರ್ಷದಲ್ಲಿ ತೆರೆಕಂಡ ಐದು ಪ್ರಸಿದ್ಧ ಚಿತ್ರಗಳಲ್ಲಿ ಮಿಚೆಲ್ ಇದ್ದರು. ಅವುಗಳಲ್ಲಿ ಮೂರು, ಆ ವರ್ಷದ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿದ್ದವು. ಐದರಲ್ಲೂ ಅವರು ಬೇರೆ ಬೇರೆ ಮನುಷ್ಯ.

'ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್' ಚಿತ್ರದಲ್ಲಿ ಅವರು ಕಣ್ಣು ಮಂಜಾಗುತ್ತಿರುವ ಹಳೆಯ ವಿಮಾನ ಚಾಲಕ. ತನ್ನ ತಮ್ಮನನ್ನು ಸಾಯಲು ಬಿಟ್ಟು ವಿಮಾನದಿಂದ ಹಾರಿ ಜೀವ ಉಳಿಸಿಕೊಂಡವನ ಜೊತೆಯಲ್ಲೇ ಅವನು ಕೊನೆಯ ಸಲ ಹಾರಬೇಕಾಗುತ್ತದೆ. 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' ಚಿತ್ರದಲ್ಲಿ ಅವರು ರಾಜಧಾನಿಯ ಪತ್ರಕರ್ತ. ಸ್ವತಃ ವರದಿಗಾರರಾಗಿದ್ದವರಿಗೆ ಅದು ಹಳೆಯ ಅಂಗಿ ತೊಟ್ಟಷ್ಟು ಸಲೀಸು. 'ದ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್' ಚಿತ್ರದಲ್ಲಿ ಪ್ಯಾರಿಸಿನ ಭಿಕ್ಷುಕರ ದೊರೆ ಕ್ಲೋಪಿನ್. ಆ ಚಿತ್ರಕ್ಕಾಗಿ ಕ್ಯಾಲಿಫೋರ್ನಿಯದಲ್ಲಿ ಆ ಮಹಾದೇವಾಲಯದ ಮುಖಮಂಟಪವನ್ನೇ ಕಟ್ಟಿ ನಿಲ್ಲಿಸಿದ್ದರು. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆದದ್ದು ಅದೇ ನೋತ್ರ್ ದಾಮ್ ದೇವಾಲಯ ಎಂದರೆ ನಿಮಗೆ ತಟ್ಟನೆ ನೆನಪಾಗಬಹುದು.

'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ಅವರು ನಾಯಕಿ ಸ್ಕಾರ್ಲೆಟ್‌ಳ ತಂದೆ ಜೆರಾಲ್ಡ್ ಒಹಾರಾ. ಐರ್ಲೆಂಡಿನಿಂದ ಬಂದು, ಗುಲಾಮರ ದುಡಿಮೆಯ ಮೇಲೆ ದೊಡ್ಡ ಜಮೀನು ಕಟ್ಟಿಕೊಂಡ ಕಥೋಲಿಕ. ಮೊದಲ ಭಾಗದಲ್ಲಿ ಕುದುರೆಯ ಮೇಲೆ ಬೇಲಿ ಹಾರಿಸುವ ಗತ್ತಿನ ಯಜಮಾನ. ಯುದ್ಧದಲ್ಲಿ ಆಸ್ತಿ ಹೋಗಿ, ಹೆಂಡತಿ ಸತ್ತ ಮೇಲೆ, ಬುದ್ಧಿ ಕಲಕಿ ಮಗುವಿನಂತಾದ ಮುದುಕ. ಮಣ್ಣೊಂದೇ ಶಾಶ್ವತ ಎಂದು ಮಗಳಿಗೆ ಬೋಧಿಸಿದವನು ಅದೇ ಮಣ್ಣಿನ ಮೇಲೆ ಕುದುರೆಯಿಂದ ಬಿದ್ದು ಸಾಯುತ್ತಾನೆ.

ಐದನೆಯದು 'ಸ್ಟೇಜ್‌ಕೋಚ್'. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕುಡುಕ ವೈದ್ಯನ ಒಂದು ರಾತ್ರಿ

ಅದೊಂದು ಕುದುರೆಬಂಡಿಯ ಪ್ರಯಾಣದ ಕಥೆ. ಊರಿನ ಮರ್ಯಾದಸ್ಥ ಮಹಿಳೆಯರು ಸೇರಿ ಇಬ್ಬರನ್ನು ಊರುಬಿಟ್ಟು ಓಡಿಸಿದ್ದಾರೆ. ಒಬ್ಬಳು ದಾರಿತಪ್ಪಿದ ಹೆಣ್ಣು ಡಲ್ಲಾಸ್, ಇನ್ನೊಬ್ಬ ಕುಡುಕ ವೈದ್ಯ ಡಾಕ್ ಬೂನ್. ಈ ವೈದ್ಯನ ಪಾತ್ರವೇ ಮಿಚೆಲ್‌ರದು. ಬಂಡಿಯಲ್ಲಿ ಒಬ್ಬ ಹೆಂಡದ ವ್ಯಾಪಾರಿ. ಅವನ ಮಾದರಿ ಸೀಸೆಗಳನ್ನು ದಾರಿಯುದ್ದಕ್ಕೂ ಖಾಲಿ ಮಾಡುವುದೇ ಬೂನ್‌ನ ಕೆಲಸ. ನೀವು ನಗುತ್ತೀರಿ. ಇವನಿಂದ ಏನಾದೀತು ಎಂದುಕೊಳ್ಳುತ್ತೀರಿ.

ಅಷ್ಟರಲ್ಲಿ, ಮನುಷ್ಯವಾಸ ವಿರಳವಾದ ಒಂದು ತಂಗುದಾಣದಲ್ಲಿ, ಜೊತೆಗಿದ್ದ ಸೈನ್ಯಾಧಿಕಾರಿಯ ಹೆಂಡತಿಗೆ ಹೆರಿಗೆ ನೋವು ಬರುತ್ತದೆ. ಸುತ್ತಮುತ್ತ ಬೇರೆ ವೈದ್ಯರಿಲ್ಲ. ಆಗ ಬೂನ್ ಕಾಫಿ ಕೇಳುತ್ತಾನೆ. ಹಾಲಿಲ್ಲದ ಕಪ್ಪು ಕಾಫಿ, ಇನ್ನಷ್ಟು, ಮತ್ತಷ್ಟು. ಒಳಗಿನ ಹೆಂಡವೆಲ್ಲ ಹೊರಬರುವವರೆಗೆ. ಮುಖಕ್ಕೆ ನೀರು ಹೊಯ್ದುಕೊಂಡು, ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋಗುತ್ತಾನೆ. ಡಲ್ಲಾಸ್ ಅವನಿಗೆ ದಾದಿಯಾಗುತ್ತಾಳೆ. ಬೆಳಗಾಗುವಷ್ಟರಲ್ಲಿ ಹೆಣ್ಣುಮಗು ಹುಟ್ಟಿದೆ, ತಾಯಿ ಬದುಕಿದ್ದಾಳೆ. ಊರು ಉಗುಳಿ ಆಚೆ ಹಾಕಿದ ಇಬ್ಬರ ಕೈಯಲ್ಲಿ ಒಂದು ಹೊಸ ಜೀವ.

ಮುಂದೆ ಅದೇ ಬೂನ್, ಬಂದೂಕು ಹಿಡಿದು ಹೊರಟ ಕೊಲೆಗಡುಕನೊಬ್ಬನ ಎದುರು ಬರಿಗೈಯಲ್ಲಿ ನಿಂತು, ಆ ಬಂದೂಕನ್ನು ಕೆಳಗಿಡಿಸುತ್ತಾನೆ. ಎದೆ ಹೊಡೆದುಕೊಳ್ಳುತ್ತಿದೆ, ಆದರೂ ಹಿಂದೆ ಸರಿಯುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಚಿತ್ರದ ಕೊನೆಯಲ್ಲಿ ಬೂನ್ ಕುಡಿತ ಬಿಟ್ಟ ಪುಣ್ಯಪುರುಷನಾಗುವುದಿಲ್ಲ. ಒಂದೇ ಒಂದು ಲೋಟಕ್ಕೆ ಒಪ್ಪಿ ಹೊರಡುತ್ತಾನೆ. ಕುಡಿತದ ಕಷ್ಟವನ್ನು ಸ್ವಂತ ಮನೆಯಲ್ಲಿ ಕಂಡವರಿಗೆ ಇದು ಎಷ್ಟು ನಿಜ ಎಂದು ಗೊತ್ತು. ಒಂದು ರಾತ್ರಿಯ ಒಳ್ಳೆಯತನ ಒಂದು ಜನ್ಮದ ಚಟವನ್ನು ಅಳಿಸುವುದಿಲ್ಲ. ಹಾಗೆಂದು ಆ ಒಂದು ರಾತ್ರಿ ಸುಳ್ಳಾಗುವುದೂ ಇಲ್ಲ. ಮಗು ಬದುಕಿದೆಯಲ್ಲ!

ಈ ಪಾತ್ರಕ್ಕಾಗಿ 1940ರ ಫೆಬ್ರವರಿ 29ರ ರಾತ್ರಿ, ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಮಿಚೆಲ್‌ರಿಗೆ ಅತ್ಯುತ್ತಮ ಪೋಷಕ ನಟ ಆಸ್ಕರ್ ದೊರೆಯಿತು. ಆ ಕಾಲದಲ್ಲಿ ಪೋಷಕ ನಟರಿಗೆ ನಾಯಕ ನಟರಿಗೆ ಕೊಡುವಂತಹ ಪೂರ್ಣ ಪ್ರತಿಮೆ ಕೊಡುತ್ತಿರಲಿಲ್ಲ, ಸಣ್ಣ ಪ್ರತಿಮೆ ಕೂರಿಸಿದ ಫಲಕವೊಂದನ್ನು ಕೊಡುತ್ತಿದ್ದರು. ಪೂರ್ಣ ಪ್ರತಿಮೆ ಕೊಡಲು ಆರಂಭಿಸಿದ್ದು 1944ರಲ್ಲಿ. ಪ್ರಶಸ್ತಿಯಲ್ಲೂ ಎರಡನೆಯ ಪಂಕ್ತಿ!

ಅದೇ ರಾತ್ರಿ 'ಗಾನ್ ವಿತ್ ದ ವಿಂಡ್' ಚಿತ್ರದ ದಾಸಿಯ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡೇನಿಯಲ್ ಅತ್ಯುತ್ತಮ ಪೋಷಕ ನಟಿಯಾದರು. ಆಸ್ಕರ್ ಪಡೆದ ಮೊತ್ತಮೊದಲ ಕಪ್ಪು ಜನಾಂಗದ ಕಲಾವಿದೆ ಅವರು. ಆದರೆ ಆ ಹೋಟೆಲಿನಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿ ಪಡೆದು ಒಳಬಂದ ಅವರನ್ನು ಸಹನಟರಿಂದ ದೂರ, ಪ್ರತ್ಯೇಕ ಮೇಜಿನಲ್ಲಿ ಕೂರಿಸಿದ್ದರು. ಪಂಕ್ತಿಭೇದ ಎಂದರೆ ಏನೆಂದು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗುರುಗಳಾಗಿ, ನಾಸ್ತಿಕನಾಗಿ, ತಂದೆಯಾಗಿ

ಆಮೇಲೆ ಎರಡನೆಯ ಮಹಾಯುದ್ಧದ ವರ್ಷಗಳು. 1940ರ 'ದ ಲಾಂಗ್ ವಾಯೇಜ್ ಹೋಮ್' ಚಿತ್ರದಲ್ಲಿ ಮಿಚೆಲ್ ಡ್ರಿಸ್ಕಾಲ್ ಎಂಬ ಐರಿಷ್ ನಾವಿಕ. ತಾಯಿಯ ಬಳಿಗೆ ಹೊರಟ ಕಿರಿಯ ಗೆಳೆಯನನ್ನು ದುಷ್ಟರು ಬೇರೊಂದು ಹಡಗಿಗೆ ಎಳೆದೊಯ್ದಾಗ, ಡ್ರಿಸ್ಕಾಲ್ ಅವನನ್ನು ಬಿಡಿಸಿ ತಾನು ಸಿಕ್ಕಿಬೀಳುತ್ತಾನೆ. ಆ ಹಡಗು ಮುಳುಗಿಹೋಗುತ್ತದೆ. 1942ರ 'ಜೋನ್ ಆಫ್ ಪ್ಯಾರಿಸ್' ಚಿತ್ರದಲ್ಲಿ ಅವರು ಫಾದರ್ ಆಂಟ್ವಾನ್. ನಾಜಿಗಳ ಕೈಯಲ್ಲಿದ್ದ ಪ್ಯಾರಿಸಿನಲ್ಲಿ, ಶತ್ರುಗಳು ಹುಡುಕುತ್ತಿದ್ದ ವಿಮಾನ ಚಾಲಕರಿಗೆ ನೆರವಾಗುವ ಗುರುಗಳು.

1944ರಲ್ಲಿ ಬಂದ ಎರಡು ಚಿತ್ರಗಳಂತೂ ನಮ್ಮ ಓದುಗರಿಗೆ ಬಹಳ ಹತ್ತಿರದವು. ಮೊದಲನೆಯದು ಎ.ಜೆ. ಕ್ರೋನಿನ್‌ರ ಕಾದಂಬರಿ ಆಧರಿಸಿದ 'ದ ಕೀಸ್ ಆಫ್ ದ ಕಿಂಗ್‌ಡಮ್'. ಚೀನಾದಲ್ಲಿ ಸೇವೆ ಮಾಡುವ ಫಾದರ್ ಚಿಶಮ್ ಅವರ ಪಾತ್ರ ಗ್ರೆಗರಿ ಪೆಕ್ ಅವರದು. ಮಿಚೆಲ್‌ರದು ಅವರ ಬಾಲ್ಯದ ಗೆಳೆಯ ಡಾಕ್ಟರ್ ವಿಲ್ಲಿ ಟಲ್ಲೋಕ್. ದೇವರಿದ್ದಾನೆಂದು ನಂಬದ ಮನುಷ್ಯ. ಆದರೂ ಗೆಳೆಯನಿಗಾಗಿ ಔಷಧಿಯ ಪೆಟ್ಟಿಗೆಗಳನ್ನು ಹೊತ್ತು ಚೀನಾದವರೆಗೆ ಬರುತ್ತಾನೆ. ಅಲ್ಲಿ ಕಾದಾಟ ನಡೆದಾಗ ಗಾಯಾಳುಗಳ ಶುಶ್ರೂಷೆಗೆ ನಿಂತು ಪ್ರಾಣ ಕೊಡುತ್ತಾನೆ. ಸಾಯುವ ಗಳಿಗೆಯಲ್ಲೂ ತನಗೆ ನಂಬಿಕೆ ಹುಟ್ಟಿತೆಂದು ಸುಳ್ಳು ಹೇಳುವುದಿಲ್ಲ. ಫಾದರ್ ಚಿಶಮ್ ಸಹ ಅವನನ್ನು ಒತ್ತಾಯಿಸುವುದಿಲ್ಲ. ಹಿಂದಿನ ವರ್ಷಗಳಲ್ಲಿ ಗುರುಗಳ ಪಾತ್ರವನ್ನು ಅಷ್ಟು ಗೌರವದಿಂದ ಮಾಡಿದ ನಟ, ಈ ನಾಸ್ತಿಕನ ಪಾತ್ರವನ್ನೂ ಅಷ್ಟೇ ಗೌರವದಿಂದ ಮಾಡಿದರು. ಬೇರೆಯವರ ಮನಸ್ಸಿನೊಳಗೆ ಹೊಕ್ಕು ನೋಡುವುದು ನಟನ ಕಸುಬು. ನಮ್ಮ ನಿಮ್ಮ ಮನೆಗಳಲ್ಲಿ, ದೇವಾಲಯಕ್ಕೆ ಬರುವುದನ್ನು ಬಿಟ್ಟ ಮಗನ ಬಗೆಗೋ ತಮ್ಮನ ಬಗೆಗೋ ಮಾತಾಡುವಾಗ ಆ ಕಸುಬಿನ ಒಂದಿಷ್ಟು ಪಾಲು ನಮಗೂ ಬೇಕಾಗುತ್ತದೆ.

ಎರಡನೆಯ ಚಿತ್ರ 'ದ ಫೈಟಿಂಗ್ ಸಲ್ಲಿವನ್ಸ್'. ಇದು ನಡೆದ ಕಥೆ. ಅಯೋವಾ ರಾಜ್ಯದ ವಾಟರ್‌ಲೂ ಪಟ್ಟಣದ ಒಂದು ಐರಿಷ್ ಕಥೋಲಿಕ ಕುಟುಂಬ. ತಂದೆ ರೈಲ್ವೆ ನೌಕರ. ಐವರು ಗಂಡುಮಕ್ಕಳು: ಜಾರ್ಜ್, ಫ್ರಾನ್ಸಿಸ್, ಜೋಸೆಫ್, ಮ್ಯಾಡಿಸನ್, ಆಲ್ಬರ್ಟ್. ಒಟ್ಟಿಗೇ ಇರಲು ಬಿಟ್ಟರೆ ಮಾತ್ರ ಸೇರುತ್ತೇವೆ ಎಂದು ಷರತ್ತು ಹಾಕಿ 1942ರ ಆರಂಭದಲ್ಲಿ ಐವರೂ ನೌಕಾದಳ ಸೇರಿದರು. 1942ರ ನವೆಂಬರ್ 13ರಂದು ಗ್ವಾಡಲ್‌ಕೆನಾಲ್ ದ್ವೀಪದ ಬಳಿ ಅವರಿದ್ದ ಜುನೋ ಎಂಬ ಯುದ್ಧನೌಕೆ ಜಪಾನಿನ ಟಾರ್ಪಿಡೊ ಏಟಿಗೆ ಮುಳುಗಿತು. ಸುಮಾರು ಏಳುನೂರು ಮಂದಿಯಲ್ಲಿ ಕೊನೆಗೆ ಬದುಕಿ ಬಂದವರು 10 ಮಂದಿ. ಸಲ್ಲಿವನ್ ಸಹೋದರರಲ್ಲಿ ಒಬ್ಬರೂ ಉಳಿಯಲಿಲ್ಲ.

ಚಿತ್ರ ಆರಂಭವಾಗುವುದು ಈ ಮಕ್ಕಳ ಜ್ಞಾನಸ್ನಾನದಿಂದ. ತಂದೆ ಥಾಮಸ್ ಸಲ್ಲಿವನ್‌ರ ಪಾತ್ರ ಥಾಮಸ್ ಮಿಚೆಲ್‌ರದು. ಬಾಲ್ಯದಲ್ಲಿ ಐವರು ಹುಡುಗರೂ ರೈಲುಹಳಿಯ ಪಕ್ಕದ ನೀರಿನ ತೊಟ್ಟಿಯ ಗೋಪುರ ಹತ್ತಿ, ಕೆಲಸಕ್ಕೆ ಹೊರಟ ತಂದೆಗೆ ಕೈಬೀಸುತ್ತಿರುತ್ತಾರೆ. ಚಿತ್ರದ ಕೊನೆಯಲ್ಲಿ, ಐವರ ಸಾವಿನ ಸುದ್ದಿ ಮನೆಗೆ ಬಂದ ದಿನ, ತಂದೆ ಎಂದಿನಂತೆ ಕೆಲಸಕ್ಕೆ ಹೊರಡುತ್ತಾರೆ. ರೈಲು ಆ ಗೋಪುರವನ್ನು ದಾಟುತ್ತದೆ. ಮೇಲೆ ಯಾರೂ ಇಲ್ಲ. ಆ ತಂದೆ ಖಾಲಿ ಗೋಪುರಕ್ಕೆ ಕೈಯೆತ್ತಿ ವಂದಿಸುತ್ತಾರೆ. ಅಷ್ಟೇ. ಕಣ್ಣೀರಿನ ಹೊಳೆಯಿಲ್ಲ, ಉದ್ದದ ಮಾತಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ನಿಮ್ಮ ನೆರೆಯಲ್ಲಿದ್ದರೆ, ಆ ಒಂದು ಕೈಯೆತ್ತುವಿಕೆಯಲ್ಲಿ ಎಷ್ಟು ಭಾರವಿದೆಯೆಂದು ನಿಮಗೆ ಅರ್ಥವಾದೀತು. ಆ ಜುನೋ ಹಡಗಿನ ಅವಶೇಷ ಸಾಲೊಮನ್ ದ್ವೀಪಗಳ ಬಳಿ, ಸುಮಾರು 4,200 ಮೀಟರ್ ಆಳದಲ್ಲಿ ಪತ್ತೆಯಾದದ್ದು 2018ರ ಮಾರ್ಚ್ 17ರಂದು. ಅದು ಐರ್ಲೆಂಡಿನ ಪಾಲಕ ಸಂತ ಪ್ಯಾಟ್ರಿಕ್‌ರ ಹಬ್ಬದ ದಿನವಾಗಿತ್ತು.

ಎಂಟು ಸಾವಿರ ಡಾಲರ್ ಕಳೆದ ಚಿಕ್ಕಪ್ಪ

1946ರಲ್ಲಿ ಕಾಪ್ರಾ ಮತ್ತೆ ಮಿಚೆಲ್‌ರನ್ನು ಕರೆದರು. ಚಿತ್ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಬೆಡ್‌ಫರ್ಡ್ ಫಾಲ್ಸ್ ಎಂಬ ಪಟ್ಟಣದಲ್ಲಿ ಬಡವರಿಗೆ ಮನೆಸಾಲ ಕೊಡುವ ಒಂದು ಸಣ್ಣ ಸಂಸ್ಥೆ. ನಡೆಸುವವನು ಜಾರ್ಜ್ ಬೇಲಿ. ಜೊತೆಗೆ ಅವನ ಚಿಕ್ಕಪ್ಪ ಬಿಲ್ಲಿ. ಮರೆವಿನ ಮನುಷ್ಯ. ನೆನಪಿಗಾಗಿ ಬೆರಳುಗಳಿಗೆ ದಾರ ಕಟ್ಟಿಕೊಳ್ಳುತ್ತಾನೆ. ಕಚೇರಿಯಲ್ಲೇ ಒಂದು ಕಾಗೆ ಸಾಕಿದ್ದಾನೆ.

ಕ್ರಿಸ್ಮಸ್ ಹಿಂದಿನ ದಿನ, ಬ್ಯಾಂಕಿಗೆ ಕಟ್ಟಬೇಕಾದ 8,000 ಡಾಲರ್ ಅವನ ಕೈಯಲ್ಲಿದೆ. ಬ್ಯಾಂಕಿನಲ್ಲಿ ಊರಿನ ಸಿರಿವಂತ ಪಾಟರ್ ಎದುರಾಗುತ್ತಾನೆ. ಯುದ್ಧದಲ್ಲಿ ಕೀರ್ತಿ ಗಳಿಸಿದ ಇನ್ನೊಬ್ಬ ಅಣ್ಣನ ಮಗನ ಸುದ್ದಿ ಪತ್ರಿಕೆಯಲ್ಲಿ ಬಂದಿದೆಯಲ್ಲ, ಅದನ್ನು ತೋರಿಸಿ ಹೆಮ್ಮೆಪಡುವ ಸಡಗರದಲ್ಲಿ, ಹಣದ ಲಕೋಟೆಯನ್ನು ಅದೇ ಪತ್ರಿಕೆಯೊಳಗೆ ಮಡಚಿ ಪಾಟರ್‌ನ ಕೈಗೆ ಕೊಟ್ಟುಬಿಡುತ್ತಾನೆ. ಪಾಟರ್ ಬಾಯಿ ಬಿಡುವುದಿಲ್ಲ. ಜಾರ್ಜ್ ಜೈಲಿಗೆ ಹೋಗುವ, ಸಾಯಲು ಹೊರಡುವ ಸ್ಥಿತಿ ಬರುತ್ತದೆ. ಸಿಟ್ಟಿನಲ್ಲಿ ಅವನು ಚಿಕ್ಕಪ್ಪನ ಕೊರಳಪಟ್ಟಿ ಹಿಡಿದು ಜಾಡಿಸಿ ಹೊರಟುಹೋಗುತ್ತಾನೆ. ಬಿಲ್ಲಿ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಾನೆ. ಅವನ ಸಾಕು ಅಳಿಲು ಮೆಲ್ಲನೆ ಬಂದು ಅವನ ತೋಳಿನ ಮೇಲೆ ಹತ್ತುತ್ತದೆ. ಸಮಾಧಾನ ಹೇಳಲು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಈ ಬಿಲ್ಲಿಯಂತಹ ಚಿಕ್ಕಪ್ಪ ಯಾರ ಕುಟುಂಬದಲ್ಲಿಲ್ಲ ಹೇಳಿ? ಒಳ್ಳೆಯವನು, ಪ್ರೀತಿಯವನು, ಆದರೆ ನೆಚ್ಚಿ ಕೆಲಸ ಒಪ್ಪಿಸುವ ಹಾಗಿಲ್ಲ. ಅವನ ತಪ್ಪಿಗೆ ಇನ್ನೊಬ್ಬರು ಬೆಲೆ ತೆರಬೇಕು. ಮಿಚೆಲ್ ಅವನನ್ನು ಕೇವಲ ನಗೆಪಾಟಲು ಮಾಡಲಿಲ್ಲ. ತನ್ನಿಂದಲೇ ಮನೆ ಮುಳುಗಿತು ಎಂದು ತಿಳಿದವನ ಸಂಕಟವನ್ನು ನಮಗೆ ಕಾಣಿಸಿದರು. ಕೊನೆಗೆ ಊರಿನ ಜನ ತಮ್ಮ ತಮ್ಮ ಗಂಟು ಬಿಚ್ಚಿ ಹಣ ತಂದು ಸುರಿಯುವಾಗ, ಬುಟ್ಟಿ ತುಂಬ ಹಣ ಹೊತ್ತು ಒಳಗೆ ಬರುವವನು ಯಾರು ಗೊತ್ತೇ? ಅದೇ ಬಿಲ್ಲಿ ಚಿಕ್ಕಪ್ಪ. ಕಳೆದವನ ಕೈಯಿಂದಲೇ ತುಂಬಿಸಿದ್ದಾರೆ. ಬಿಡುಗಡೆಯಾದಾಗ ಈ ಚಿತ್ರ ಹಾಕಿದ ಹಣವನ್ನೂ ಹಿಂದಿರುಗಿಸಲಿಲ್ಲ. 1974ರಲ್ಲಿ ಅದರ ಹಕ್ಕು ನವೀಕರಣವಾಗದೆ ಹೋದಾಗ ದೂರದರ್ಶನ ಕೇಂದ್ರಗಳು ಕ್ರಿಸ್ಮಸ್ ಕಾಲದಲ್ಲಿ ಅದನ್ನು ಮತ್ತೆ ಮತ್ತೆ ತೋರಿಸತೊಡಗಿದವು. ಹಾಗೆ ಅದು ಮನೆಮನೆಯ ಚಿತ್ರವಾಯಿತು.

ದೇವಾಲಯದಲ್ಲಿ ಆಡಿದ ಸಿಹಿ ಮಾತು

ಒಳ್ಳೆಯ ಪಾತ್ರಗಳನ್ನಷ್ಟೇ ಆರಿಸಿಕೊಳ್ಳುವ ನಟರಿದ್ದಾರೆ. ಮಿಚೆಲ್ ಹಾಗಲ್ಲ. 1952ರ 'ಹೈ ನೂನ್' ಚಿತ್ರದಲ್ಲಿ ಅವರು ಊರಿನ ಮೇಯರ್ ಹೆಂಡರ್‌ಸನ್. ಕೊಲೆಗಡುಕರು ಮಧ್ಯಾಹ್ನದ ರೈಲಿಗಾಗಿ ಕಾದಿದ್ದಾರೆ. ಊರನ್ನು ಕಾಪಾಡಿದ ಅಧಿಕಾರಿ ಕೇನ್, ಭಾನುವಾರದ ಆರಾಧನೆ ನಡೆಯುತ್ತಿರುವ ದೇವಾಲಯಕ್ಕೆ ಬಂದು ಜನರ ನೆರವು ಕೇಳುತ್ತಾನೆ. ಚರ್ಚೆಯಾಗುತ್ತದೆ. ಆಗ ಮೇಯರ್ ಎದ್ದು ನಿಂತು ಕೇನ್‌ನನ್ನು ಬಾಯ್ತುಂಬ ಹೊಗಳುತ್ತಾನೆ. ಈ ಊರು ಇವನಿಗೆ ಋಣಿ ಎನ್ನುತ್ತಾನೆ. ಈಗ ಎಲ್ಲರೂ ಎದ್ದು ಹೊರಡುತ್ತಾರೆ ಎಂದು ನೀವು ಕಾಯುತ್ತೀರಿ. ಅಷ್ಟರಲ್ಲಿ ಮಾತು ಮೆಲ್ಲನೆ ತಿರುಗುತ್ತದೆ. ಬೀದಿಯಲ್ಲಿ ಗುಂಡು ಹಾರಿದರೆ ಹೊರಗಿನವರು ಬಂದು ಇಲ್ಲಿ ಬಂಡವಾಳ ಹಾಕುವುದಿಲ್ಲ, ಆದ್ದರಿಂದ ಕೇನ್ ಊರು ಬಿಟ್ಟುಹೋಗುವುದೇ ಎಲ್ಲರಿಗೂ ಕ್ಷೇಮ ಎಂದು ಮುಗಿಸುತ್ತಾನೆ. ಬೆಂಚುಗಳಲ್ಲಿ ಕೂತವರು ಯಾರೂ ಏಳುವುದಿಲ್ಲ. ಕೇನ್ ಒಬ್ಬನೇ ಹೊರಗೆ ನಡೆಯುತ್ತಾನೆ.

ಓದುಗರೇ, ಹೊಗಳಿಕೆಯಿಂದಲೇ ಒಬ್ಬನನ್ನು ಒಂಟಿ ಮಾಡಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯ ವಿರಳ. ಮಿಚೆಲ್ ಆ ಮೇಯರನ್ನು ದುಷ್ಟನಂತೆ ಅಭಿನಯಿಸಲಿಲ್ಲ. ನಮ್ಮ ನಿಮ್ಮಂತಹ, ಊರಿನ ಹಿತ ಬಯಸುವ ಸಭ್ಯ ಗೃಹಸ್ಥನಂತೆಯೇ ಅಭಿನಯಿಸಿದರು. ಅದಕ್ಕೇ ಆ ದೃಶ್ಯ ಇಂದಿಗೂ ಚುಚ್ಚುತ್ತದೆ.

ಕೊನೆಯ ಪಾತ್ರ

1953ರಲ್ಲಿ ಮಿಚೆಲ್‌ರಿಗೆ ದೂರದರ್ಶನದ ನಟನೆಗಾಗಿ ಎಮ್ಮಿ ಪ್ರಶಸ್ತಿಯೂ, 'ಹೇಜಲ್ ಫ್ಲ್ಯಾಗ್' ಎಂಬ ಸಂಗೀತ ನಾಟಕಕ್ಕಾಗಿ ಟೋನಿ ಪ್ರಶಸ್ತಿಯೂ ಬಂದವು. ಆ ನಾಟಕದಲ್ಲೂ ಅವರದು ವೈದ್ಯನ ಪಾತ್ರವೇ. ಚಲನಚಿತ್ರ, ದೂರದರ್ಶನ, ರಂಗಭೂಮಿ ಮೂರರ ಅತ್ಯುನ್ನತ ಪ್ರಶಸ್ತಿಗಳನ್ನೂ ಪಡೆದ ಮೊದಲ ಪುರುಷ ನಟರೆಂದರೆ, ನಾಯಕನ ಪಾತ್ರಗಳಿಗೆ ಎಂದೂ ಹೆಸರಾಗದ ಈ ಮಿಚೆಲ್. ಅವರ ಕೊನೆಯ ಚಿತ್ರ ಕಾಪ್ರಾ ಅವರದೇ 'ಪಾಕೆಟ್‌ಫುಲ್ ಆಫ್ ಮಿರಕಲ್ಸ್', 1961ರಲ್ಲಿ ಬಂದದ್ದು.

1962ರಲ್ಲಿ, ಎಪ್ಪತ್ತರ ಹತ್ತಿರದಲ್ಲಿ, ಅವರು ಮತ್ತೆ ರಂಗಕ್ಕೆ ಹೋದರು. 'ಪ್ರಿಸ್ಕ್ರಿಪ್ಷನ್: ಮರ್ಡರ್' ಎಂಬ ಪತ್ತೇದಾರಿ ನಾಟಕ. ಹೆಂಡತಿಯನ್ನು ಕೊಲ್ಲುವ ವೈದ್ಯನದೇ ಅದರಲ್ಲಿ ಮುಖ್ಯ ಪಾತ್ರ. ಮಿಚೆಲ್‌ರದು ಅವನನ್ನು ಹಿಡಿಯುವ ಪೊಲೀಸ್ ಅಧಿಕಾರಿ ಕೊಲಂಬೊ. ಊರಿಂದೂರಿಗೆ ತಂಡದೊಡನೆ ಹೊರಟರು, ಇಪ್ಪತ್ತೊಂದರ ಪ್ರಾಯದಲ್ಲಿ ಹೊರಟ ಹಾಗೆಯೇ. ಆದರೆ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 1962ರ ಡಿಸೆಂಬರ್ 17ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡರು. 'ಹಂಚ್‌ಬ್ಯಾಕ್' ಚಿತ್ರದಲ್ಲಿ ಗೂನುಬೆನ್ನಿನ ಗಂಟೆಗಾರನಾಗಿದ್ದ ಚಾರ್ಲ್ಸ್ ಲಾಟನ್ ಅದಕ್ಕೆ ಎರಡೇ ದಿನ ಮುಂಚೆ ತೀರಿಕೊಂಡಿದ್ದರು.

ಆರು ವರ್ಷಗಳ ನಂತರ, 1968ರಲ್ಲಿ, ಅದೇ ನಾಟಕ ದೂರದರ್ಶನ ಚಿತ್ರವಾಯಿತು. ಕೊಲಂಬೊ ಆಗಿ ಬಂದವರು ಪೀಟರ್ ಫಾಕ್. ಮಿಚೆಲ್‌ರ ಕೊನೆಯ ಚಿತ್ರದಲ್ಲಿ ಅವರೂ ನಟಿಸಿದ್ದರು. ಮುಂದೆ ಕೊಲಂಬೊ ಹೆಸರಿನಲ್ಲೇ ಧಾರಾವಾಹಿ ಬಂದು ಲೋಕಪ್ರಸಿದ್ಧವಾಯಿತು. ಮಿಚೆಲ್ ರಂಗದ ಮೇಲೆ ಹೊತ್ತು ತಿರುಗಿದ ಎರಡನೆಯ ಪಾತ್ರ ಹೀಗೆ ಇನ್ನೊಬ್ಬರ ಕೈಯಲ್ಲಿ ಮೊದಲನೆಯ ಪಾತ್ರವಾಯಿತು.

ಇಷ್ಟು ಓದಿದ ಮೇಲೆ ನಿಮ್ಮ ಮನೆಯ ಕಡೆ ಒಮ್ಮೆ ನೋಡಿ. ಮದುವೆಯ ಫೋಟೋದಲ್ಲಿ ಮೂಲೆಯಲ್ಲಿ ನಿಂತವರು, ಹಬ್ಬದ ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂತವರು, ಗಾಯನವೃಂದದ ಹಿಂದಿನ ಸಾಲಿನವರು, ಮರೆವಿನ ಚಿಕ್ಕಪ್ಪ, ಮದುವೆಯಾಗದೆ ಅಣ್ಣನ ಮಕ್ಕಳನ್ನು ಸಾಕಿದ ಅತ್ತೆ. ಅವರಿಲ್ಲದೆ ನಿಮ್ಮ ಕಥೆ ನಡೆಯುತ್ತಿತ್ತೇ? ಅವರಲ್ಲಿ ಯಾರಾದರೂ ಇನ್ನೂ ಬದುಕಿದ್ದರೆ, ಈ ಭಾನುವಾರ ಪೂಜೆ ಮುಗಿಸಿ ಬರುವಾಗ ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.